ಕಾಕಾನ ಗಾಲ್ಫೂ ಖಡಕ್ ರೊಟ್ಟಿಯೂ

ಗಾಲ್ಫ್ ಆಟದಲ್ಲಿ ನಮ್ಮ ಕಾಕಾನನ್ನು ಸೋಲಿಸುವವರು ಇಡೀ ಬನಹಟ್ಟಿಯಲ್ಲಿ ಇನ್ನೂ ಹುಟ್ಟಿಲ್ಲ. ಬನಹಟ್ಟಿಯಲ್ಲಿ ಗಾಲ್ಫ್ ಆಡುವವನು ಅವನೊಬ್ಬನೇ ಎಂಬುದು ಬೇರೆ ಮಾತು! ಊರಲ್ಲಿ ಆ ಆಟದ ಮೈದಾನವೂ ಇಲ್ಲ. ಅಷ್ಟಕ್ಕೆಲ್ಲ ಹೆದರುವ ಜೀವವೇ ಅದು?

ಕಾಕಾ ನಲವತ್ತು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದವನು. ಮೊಣಕಾಲು ಕುಣಿಗೆ ಇಳಿಯಲು ಒಪ್ಪದಿದ್ದಾಗ ಮಗ್ಗ ಮಾರಿದ. ಆಮೇಲೆ ಒಂದು ವರ್ಷ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಹೋಗಿಬರುವ ಟ್ರ್ಯಾಕ್ಟರ್ ನೋಡಿದ. ಮಾತಿಲ್ಲ, ಊಟದ ಮೇಲೆ ಮನಸ್ಸಿಲ್ಲ. ಮುಧೋಳದಲ್ಲಿರುವ ನನಗೆ ಅವನ ಹೆಂಡತಿ, ನಮ್ಮ ಕಾಕು, ಫೋನ್ ಮಾಡಿ, “ನಿಮ್ಮ ಕಾಕಾ ಸಾರಿಗೆ ಉಪ್ಪಿಲ್ಲಂತ ಬೈದು ಎಂಟು ತಿಂಗಳಾತು” ಎಂದು ಅಳುದನಿಯಲ್ಲಿ ಹೇಳಿದ್ದಳು.

ಅವನನ್ನು ಕಟ್ಟೆಯಿಂದ ಎಬ್ಬಿಸಿದವರು ಅವನ ಸಾಲೆಯ ದೋಸ್ತ, ಸೈನ್ಯದಿಂದ ನಿವೃತ್ತರಾಗಿ ಬಂದ ಸುಭೇದಾರರು. ಅಲ್ಲಿ ಕಲಿತು ಬಂದ ಗಾಲ್ಫ್ ಬಿಡಲಾರದೆ ಹಿಪ್ಪರಗಿಯ ತಮ್ಮ ಹೊಲದಲ್ಲಿ ಕಬ್ಬಿನ ಪಕ್ಕ ಒಂದೆಕರೆ ಬೀಳು ಬಿಟ್ಟಿದ್ದರು. ನೂರು ಹೆಜ್ಜೆ ದೂರದಲ್ಲಿ ಒಂದು ಕೆಂಪು ನಿಶಾನಿ. ಕಾಕಾನ ಕೈಗೂ ಒಂದು ಕೋಲು ಕೊಟ್ಟರು. ಕಾಕಾ ಬೀಸಿದ. ಚೆಂಡು ನಿಶಾನಿಯ ಕಡೆಗೇ ಹೊರಟು, ನಡುದಾರಿಯಲ್ಲಿ ಏನೋ ಮರೆತವರಂತೆ ಬಲಕ್ಕೆ ತಿರುಗಿ ಕಬ್ಬಿನೊಳಗೆ ಹೋಯಿತು. ಅದಕ್ಕೆ ಸ್ಲೈಸ್ ಎನ್ನುತ್ತಾರಂತೆ. ಅಂದು ಮನೆಗೆ ಬಂದ ಕಾಕಾ ಎರಡು ರೊಟ್ಟಿ ಹೆಚ್ಚು ತಿಂದು, ಸಾರಿಗೆ ಉಪ್ಪಿಲ್ಲವೆಂದು ಬೈದ. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ಉಪ್ಪು ಹಾಕಿದಳು.

ಮೂರು ತಿಂಗಳು ಹೊಡೆದದ್ದೆಲ್ಲ ಬಲಕ್ಕೇ. ಕಬ್ಬು ಕಡಿಯಲು ಬಂದವರು ಬೊಗಸೆ ತುಂಬ ಚೆಂಡು ತಂದು, “ಇವು ಯಾವ ಹಕ್ಕಿ ತತ್ತಿ ರೀ ಸುಭೇದಾರ್ರ?” ಎಂದು ಕೇಳಿದರು. ಸುಭೇದಾರರಿಗೆ ಮಾನ ಹೋದಂತಾಯಿತು.

“ಲೇ ದೋಸ್ತ, ನೂಲು ಹಿಡಿಯೋ ಕೈಗೆ ಈ ಆಟ ಒಗ್ಗೂದಿಲ್ಲ, ಬಿಡು” ಎಂದು ಅಷ್ಟೂ ಜನರ ಎದುರಿಗೆ ಹೇಳಿಬಿಟ್ಟರು.

“ನೂಲು ಹಿಡಿಯೋ ಕೈಗೆ ಒಗ್ಗದ್ದು ಯಾವುದೈತಿ?” ಎಂದ ಕಾಕಾ. “ಒಂದು ತಿಂಗಳು ಕೊಡು. ಮೂರು ಚೆಂಡಿನ್ಯಾಗ ಒಂದರೆ ನಿಶಾನಿ ಹತ್ರ ಬೀಳಲಿಲ್ಲಂದ್ರ ನಿನ್ನ ಕೋಲು ನಿನಗ. ಮತ್ತ ಈ ಕಡೆ ಹಾಯೂದಿಲ್ಲ.”

ಸುದ್ದಿ ಕೇಳಿ ಕಾಕು ನನಗೆ ಮತ್ತೆ ಫೋನ್ ಮಾಡಿದಳು. ಸೋತರೆ ಗಂಡ ಮತ್ತೆ ಕಟ್ಟೆಗೆ!

ಸ್ಲೈಸ್ ಬಿಡಿಸುವ ಸಾಮಾನುಗಳು ಆನ್‌ಲೈನಿನಲ್ಲಿ ಸಿಗುತ್ತವೆಂದು ನಾನು ಬಾಯಿ ತಪ್ಪಿ ಹೇಳಿದೆ. ಮೊದಲು ಬಂದದ್ದು ಎರಡೂ ತೋಳುಗಳನ್ನು ಕೂಡಿಸಿ ಬಿಗಿಯುವ ಪಟ್ಟಿ. ಕಾಕಾ ಮನೆಯಲ್ಲೇ ಹಾಕಿಕೊಂಡ, ಬಿಚ್ಚಲು ಬರಲಿಲ್ಲ. ಅಷ್ಟರಲ್ಲಿ ಓಣಿಯ ಹಿರಿಯರೊಬ್ಬರು ಮಗಳ ಲಗ್ನಪತ್ರಿಕೆ ಕೊಡಲು ಬಂದರು. ಕಾಕಾ ಮೊಣಕೈ ಮೊಣಕೈ ಕೂಡಿಸಿಕೊಂಡೇ ಪತ್ರಿಕೆ ಈಸಿಕೊಂಡ. ಇಷ್ಟು ವಿನಯದ ಮನುಷ್ಯನನ್ನು ತಾವು ಕಂಡೇ ಇಲ್ಲವೆಂದು ಆ ಹಿರಿಯರು ಈಗಲೂ ಹೇಳುತ್ತಾರೆ.

ಎರಡನೆಯದು ನಡುವೆ ಕೀಲಿರುವ ಕೋಲು. ತಪ್ಪು ಬೀಸಿದರೆ ಮಡಚಿಕೊಳ್ಳುತ್ತದೆ. ಮೊದಲ ಬೀಸಿಗೇ ಮಡಚಿತು.

“ಹಲ್ಕಾ ಮಾಲು. ವಾಪಸ್ ಕಳಸು” ಎಂದ ಕಾಕಾ.

“ತಪ್ಪು ಹೊಡದ್ರ ಮಡಚಬೇಕು ಕಾಕಾ. ಅದರ ಕೆಲಸಾನ ಅದು.”

“ನನ್ನ ತಪ್ಪು ತೋರಸಾಕ ನಿಮ್ಮ ಕಾಕು ಅದಾಳ. ರೊಕ್ಕಾ ಕೊಟ್ಟು ಮತ್ತೊಂದು ತರಬೇಕೇನು?”

ಆಮೇಲೆ ಯಾವುದೋ ವಿಡಿಯೋ ನೋಡಿದ. ಬಲಗಂಕುಳಲ್ಲಿ ಟವೆಲ್ ಇಟ್ಟುಕೊಂಡು, ಅದು ಬೀಳದಂತೆ ಬೀಸಬೇಕಂತೆ. ಕಾಕಾನಿಗೆ ಟವೆಲ್ ಸಾಲಲಿಲ್ಲ. ಖಡಕ್ ಜೋಳದ ರೊಟ್ಟಿ ಇಟ್ಟುಕೊಂಡ! ತೋಳು ಸಡಿಲಾದರೆ ರೊಟ್ಟಿ ಬೀಳುತ್ತದೆ, ಬಿಗಿಯಾದರೆ ಮುರಿಯುತ್ತದೆ. ಇಷ್ಟು ನಿಖರವಾದ ಯಂತ್ರ ಯಾವ ಕಂಪನಿ ಮಾಡೀತು? ಲಾಭವಾದದ್ದು ಮಾತ್ರ ಸುಭೇದಾರರ ಮುಧೋಳ ನಾಯಿಗೆ. ಕಾಕಾ ಕೋಲೆತ್ತಿದಾಗ ಒಮ್ಮೆ ಬೊಗಳಿದರೆ ರೊಟ್ಟಿ ಬೀಳುತ್ತದೆಂದು ಅದು ಮೂರೇ ದಿನದಲ್ಲಿ ಕಲಿಯಿತು. ಆ ತಳಿಯಲ್ಲಿ ಹೊಟ್ಟೆ ಬಂದ ಮೊದಲ ನಾಯಿ ಅದೇ ಇರಬೇಕು. ಚೆಂಡು ಮಾತ್ರ ಬಲಕ್ಕೇ ಹೋಗುತ್ತಿತ್ತು.

ತಾನು ಬಡಿದ ರೊಟ್ಟಿಗಳು ಎಲ್ಲಿ ಹೋಗುತ್ತಿವೆ ಎಂದು ನೋಡಲು ಪಂದ್ಯದ ಹಿಂದಿನ ದಿನ ಕಾಕು ಹೊಲಕ್ಕೇ ಬಂದಳು. ಪಂದ್ಯ ನೋಡಲು ನಾನೂ ಮುಧೋಳದಿಂದ ಬಂದಿದ್ದೆ. ಬೇವಿನ ನೆರಳಲ್ಲಿ ನಮಗೆ ಬೆನ್ನು ಹಾಕಿ ಕೂತು ಬುತ್ತಿ ಬಿಚ್ಚುತ್ತಿದ್ದಳು. ಹಿಂದೆ ಕಾಕಾ ಚೆಂಡು ಹೊಡೆದ. ಕಾಕು ತಿರುಗದೆಯೇ ಕೇಳಿದಳು: “ಏನ್ರಿ, ಲಾಳಿ ಒಗಿಯಾಕತ್ತೀರೇನು?”

ನಾನೂ ಸುಭೇದಾರರೂ ಮುಖ ಮುಖ ನೋಡಿಕೊಂಡೆವು. ಮಗ್ಗದಲ್ಲಿ ಬಲಗೈ ಹಗ್ಗವನ್ನು ಝಟ್ಟನೆ ಜಗ್ಗಿ ಲಾಳಿ ಓಡಿಸುತ್ತದೆ, ಎಡಗೈ ಎಳೆಯನ್ನು ಬಡಿದು ಕೂಡಿಸುತ್ತದೆ. ನಲವತ್ತು ವರ್ಷದ ಆ ಝಟಕಿ ಕಾಕಾನ ಬಲ ಮಣಿಕಟ್ಟಿನಲ್ಲಿ ಹಾಗೇ ಉಳಿದಿತ್ತು. ಚೆಂಡಿಗೆ ಕೋಲು ತಾಗುವ ಹೊತ್ತಿಗೆ ಕಾಕಾ ಲಾಳಿ ಒಗೆಯುತ್ತಿದ್ದ! ಪಟ್ಟಿ, ಕೀಲುಕೋಲು ಮಾಡುವ ಕಂಪನಿಯವರಿಗೆ ಇದು ಹೇಗೆ ಗೊತ್ತಾಗಬೇಕು?

“ಬಲಗೈ ಸಡ್ಲ ಬಿಡ್ರಿ. ಎಡಗೈಲೆ ಎಳಿ ಬಡದಂಗ ಬಡೀರಿ” ಎಂದಳು ಕಾಕು.

“ಗಾಲ್ಫ್ ನಿನಗೇನು ತಿಳೀತೈತಿ, ಸುಮ್ನ ಬುತ್ತಿ ಬಿಚ್ಚು” ಎಂದ ಕಾಕಾ.

ಮರುದಿನ ಕಬ್ಬು ಕಡಿಯುವವರು, ಟ್ರ್ಯಾಕ್ಟರಿನವರು ಎಲ್ಲ ಬದುವಿನ ಮೇಲೆ ನಿಂತರು. ಕಾಕಾ ತೋಳಿಗೆ ಪಟ್ಟಿ, ಕಂಕುಳಿಗೆ ರೊಟ್ಟಿ ಇಟ್ಟುಕೊಂಡು ಸಜ್ಜಾದ. ಮೊದಲ ಚೆಂಡು ಕಬ್ಬಿಗೆ. ಎರಡನೆಯದೂ ಕಬ್ಬಿಗೆ. ಸುಭೇದಾರರು ಕೋಲಿಗಾಗಿ ಕೈ ಚಾಚಲೂ ಆಗದೆ ನೆಲ ನೋಡುತ್ತ ನಿಂತರು. ಕಾಕಾ ಬೇವಿನ ಕಡೆ ನೋಡಿದ. ಕಾಕು ಎಡಗೈ ಎತ್ತಿ ತೋರಿಸಿದಳು.

ಕಾಕಾ ಪಟ್ಟಿ ಬಿಚ್ಚಿ ಒಗೆದ. ರೊಟ್ಟಿಯನ್ನು ತಾನಾಗಿಯೇ ನಾಯಿಗೆ ಹಾಕಿದ. ಬಲಗೈ ಸಡಿಲ ಬಿಟ್ಟು, ಎಳೆ ಬಡಿದಂತೆ ಎಡಗೈಯಿಂದ ಹೊಡೆದ. ಚೆಂಡು ಹೊರಟಿತು, ನಡುದಾರಿ ದಾಟಿತು, ತಿರುಗಲಿಲ್ಲ! ನಿಶಾನಿಯಿಂದ ಎರಡು ಮೊಳದ ಆಚೆ ಬಿದ್ದು ನಿಂತಿತು. ಬದುವಿನ ಮೇಲೆ ಸೀಟಿಯೋ ಸೀಟಿ. ಸುಭೇದಾರರು ಎದೆ ಸೆಟೆಸಿ ಸೆಲ್ಯೂಟ್ ಹೊಡೆದು, “ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದ ವಾಪಸ್ ತಗೋತೇನಿ. ನೂಲು ಹಿಡಿಯೋ ಕೈಗೆ ಒಗ್ಗದ್ದು ಯಾವುದೂ ಇಲ್ಲ” ಎಂದರು. ಕಾಕಾ ಅಷ್ಟಕ್ಕೇ ಬಿಡುವನೇ? ಮತ್ತೆ ಒಂಬತ್ತು ಚೆಂಡು ತರಿಸಿ ಒಂಬತ್ತನ್ನೂ ನೆಟ್ಟಗೆ ಹೊಡೆದ. ಟ್ರ್ಯಾಕ್ಟರಿನವರು ಅವನನ್ನು ಎಂಜಿನ್ ಮೇಲೆ ಕೂರಿಸಿ ಹೊಲ ಸುತ್ತಿಸಿದರು.

ಇಳಿದು ಬಂದವನು ಕಾಕುವಿನ ಎದುರು ಕೂತ.

“ತಿರುಗಿ ಸೈತ ನೋಡಿರಲಿಲ್ಲ. ನಿನಗ ಹೆಂಗ ತಿಳೀತು?”

“ನಲವತ್ತು ವರ್ಷ ನಿಮ್ಮ ಬೆನ್ನಿಗೆ ಕುಂತು ಲಾಳಿಗೆ ನೂಲಿನ ಕಂಡಿಕಿ ಸುತ್ತೇನಿ. ನಿಮ್ಮ ಮಾರಿ ನೋಡಿದ್ದು ಕಡಿಮಿ, ಕೈ ಸಪ್ಪಳ ಕೇಳಿದ್ದ ಹೆಚ್ಚು” ಎಂದಳು ಕಾಕು. “ಮಗ್ಗ ಹೋದ ಮ್ಯಾಲ ಆ ಸಪ್ಪಳಾ ನಿಂತು, ಮನ್ಯಾಗ ಒಬ್ಬಾಕಿನ ಇದ್ದಂಗ ಹೆದರಿಕಿ ಆಗ್ತಿತ್ತರಿ.”

ಮಗ್ಗ ಕಳೆದುಕೊಂಡವನು ತಾನೊಬ್ಬನೇ ಎಂದು ಕಾಕಾ ತಿಳಿದಿದ್ದ. ನಾವೆಲ್ಲರೂ ಹಾಗೇ ತಿಳಿದಿದ್ದೆವು. ಕಾಕುವನ್ನು ಯಾರೂ ಕೇಳಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಕಾಕಾ ಎದ್ದು, ಕೋಲನ್ನು ಅವಳ ಕೈಗೆ ಕೊಟ್ಟು, “ಹಿಡಿ, ನೀನೂ ಒಂದು ಹೊಡಿ” ಎಂದು ಅವಳ ಬೆನ್ನಿಗೆ ನಿಂತ.