ಮೇಷ್ಟ್ರು ದಾಟದ ಮೂರನೇ ಹಳ್ಳ

ಮನೆಯಲ್ಲಿ ಟೀವಿ ಅಂತ ಒಂದಿದ್ದ ಮೇಲೆ ಅದನ್ನು ಹದ್ದುಬಸ್ತಿನಲ್ಲಿಡಬೇಕು ಎಂಬುದು ಮುಳಬಾಗಿಲಿನ ಗಣಿತದ ಮೇಷ್ಟ್ರು ಸುಬ್ರಹ್ಮಣ್ಯ ಅವರ ಸಿದ್ಧಾಂತ. ಅವರ ಟೀವಿ ಮರದ ಷಟರ್ ಇರುವಂಥದ್ದು. ಷಟರಿಗೆ ಬೀಗ, ಬೀಗದ ಕೈ ಮೇಷ್ಟ್ರ ಜನಿವಾರದಲ್ಲಿ. ಸ್ನಾನ, ಸಂಧ್ಯಾವಂದನೆ, ನಿದ್ದೆ, ಯಾವುದರಲ್ಲೂ ಅದು ಅವರ ಎದೆ ಬಿಟ್ಟು ಕದಲುತ್ತಿರಲಿಲ್ಲ. ವಾರ್ತೆಗೆ ಬೀಗ ತೆಗೆಯುವರು, ವಾರ್ತೆ ಮುಗಿದೊಡನೆ ಹಾಕುವರು. ಭಾನುವಾರ ಮಾತ್ರ ನಾಲ್ಕು ಗಂಟೆಯ ಸಿನಿಮಾಕ್ಕೆ ಅಪ್ಪಣೆಯಿತ್ತು, ಅದೂ ನಾಲ್ಕೂವರೆಯ ತನಕ. ನಾಲ್ಕೂವರೆಗೆ ರಾಹುಕಾಲ. ರಾಹುಕಾಲದಲ್ಲಿ ಮನೆಯೊಳಗೆ ಅಳು, ಕುಣಿತ, ಹೊಡೆದಾಟ ಒಳ್ಳೆಯದಲ್ಲವೆಂದು ಷಟರ್ ಎಳೆದುಬಿಡುತ್ತಿದ್ದರು. ಹೀಗಾಗಿ ಅವರ ಹೆಂಡತಿ ಮೃದುಲಾ ಹನ್ನೆರಡು ವರ್ಷದ ಸಂಸಾರದಲ್ಲಿ ಲೆಕ್ಕವಿಲ್ಲದಷ್ಟು ನಾಯಕಿಯರನ್ನು ಲಂಗ ತೊಟ್ಟ ಮಗುವಾಗಿದ್ದಾಗ ನೋಡಿದ್ದಳೇ ಹೊರತು ಒಬ್ಬಳ ಮದುವೆಯನ್ನೂ ನೋಡಿರಲಿಲ್ಲ.

ಹಾಗೆಂದು ಮೇಷ್ಟ್ರಿಗೆ ಶಾಸ್ತ್ರ ಗೊತ್ತಿಲ್ಲವೆಂದಲ್ಲ. ಇಡೀ ಬೀದಿಗೆ ಪಂಚಾಂಗ ನೋಡಿ ಹೇಳುತ್ತಿದ್ದವರೇ ಅವರು. ಹಾಲಿನ ಡೇರಿಯ ಆಂಜಿನಪ್ಪ ಬೋರ್‌ವೆಲ್ ಕೊರೆಸುವಾಗ ಮಧ್ಯೆ ರಾಹುಕಾಲ ಬಂತೆಂದು ಓಡಿಬಂದರೆ, "ರಾಹುಕಾಲದಲ್ಲಿ ಹೊಸದಾಗಿ ಶುರು ಮಾಡಬಾರದು ಅಷ್ಟೇ ಕಣಯ್ಯ. ಮೊದಲೇ ಶುರುವಾಗಿದ್ದು ನಡೀತಿದ್ರೆ ದೋಷ ಇಲ್ಲ" ಎಂದು ಧೈರ್ಯ ಹೇಳಿ ಕಳಿಸಿದ್ದರು. (ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದ ಮೃದುಲಾ ಈ ಮಾತನ್ನು ಕೇಳಿಸಿಕೊಂಡಿದ್ದಳು. ಹೆಂಗಸರು ಸೊಪ್ಪು ಸೋಸುವಾಗ ಗಂಡಸರು ಶಾಸ್ತ್ರ ಮಾತಾಡಬಾರದು.)

ತೊಂಬತ್ತಾರನೇ ಇಸವಿಯ ಬೇಸಿಗೆ ರಜದಲ್ಲಿ ಮೃದುಲಾಳ ತಮ್ಮ ವಂಶಿಕೃಷ್ಣ ಕೋಲಾರದಿಂದ ಬಂದ. ಅವನದು ಅಲ್ಲಿ ಟೀವಿ ರಿಪೇರಿ ಅಂಗಡಿ. ಅಕ್ಕನ ಮಗಳು ಸೌಪರ್ಣಿಕಾಳ ಹತ್ತನೇ ಹುಟ್ಟುಹಬ್ಬಕ್ಕೆ ಒಂದು ವಿಡಿಯೋ ಗೇಮ್ ತಂದಿದ್ದ. ಟೀವಿಗೆ ವೈರು ಸಿಕ್ಕಿಸಿ, ಮಧ್ಯದ ಬಟನ್ ಒತ್ತಿದ. ಕೆಂಪು ರುಮಾಲು ಸುತ್ತಿದ ಗಿಡ್ಡ ಗೊಂಬೆಯೊಂದು ಪರದೆಯ ಎಡಗಡೆ ಎದ್ದು ನಿಂತಿತು. ಅದನ್ನು ಬಲಕ್ಕೆ ಓಡಿಸುತ್ತ ಹೋಗಬೇಕು, ಹಳ್ಳ ಬಂದರೆ ಹಾರಿಸಬೇಕು, ಎದುರಿಗೆ ಉರುಳಿ ಬರುವ ದತ್ತೂರಿ ಕಾಯಿಯಂಥ ಮುಳ್ಳುಂಡೆ ತಾಗಿದರೆ ಸಾವು. ಸೌಪರ್ಣಿಕಾ ದತ್ತೂರಿ ಕಾಯಿಗೇ ಸತ್ತಳು. ವಂಶಿಕೃಷ್ಣ ಮೊದಲನೇ ಹಳ್ಳಕ್ಕೆ ಬಿದ್ದ.

"ಭಾರಿ ಕಷ್ಟ ಕಣಕ್ಕ ಇದು. ನಮ್ಮ ಅಂಗಡಿಗೆ ಬರೋರು ಮೂರನೇ ಹಳ್ಳ ದಾಟೋಕೆ ತಿಂಗಳು ತಗೊಂಡಿದ್ದಾರೆ" ಎಂದವನೇ ಆಡುವ ರಿಮೋಟನ್ನು ಮೇಷ್ಟ್ರ ಕಡೆ ಚಾಚಿದ. "ಭಾವ, ನೀವೂ ಒಂದು ಕೈ ನೋಡಿ. ಆಟ ನಡೀತಿರುವಾಗ ಈ ಮಧ್ಯದ ಬಟನ್ ಮಾತ್ರ ಮುಟ್ಟಬೇಡಿ, ಗೊಂಬೆ ಅಲ್ಲೇ ನಿಂತುಬಿಡತ್ತೆ."

"ಇವತ್ತು ದಿನ ಚೆನ್ನಾಗಿಲ್ಲ" ಎಂದರು ಮೇಷ್ಟ್ರು.

"ಗೊಂಬೆ ಓಡ್ಸೋಕೂ ಮುಹೂರ್ತನಾ ಭಾವ? ಇದೇನು ಗೃಹಪ್ರವೇಶವಾ? ನಿಮಗೆ ಮಿಷನ್ ಕೆಲಸ ಆಗಿಬರಲ್ಲ ಬಿಡಿ."

ಮೃದುಲಾ ನಕ್ಕಳು. ಜೋರಾಗಿ ನಕ್ಕಿದ್ದರೆ ಮೇಷ್ಟ್ರು ಸಹಿಸಿಕೊಳ್ಳುತ್ತಿದ್ದರು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ಬರೋ ಭಾನುವಾರ ಬಾರಯ್ಯ" ಎಂದರು ಮೇಷ್ಟ್ರು. "ನೀನು ಮೊದಲನೇ ಹಳ್ಳಕ್ಕೆ ಬಿದ್ಯಲ್ಲ, ನಾನು ಮೂರೂ ಹಳ್ಳ ದಾಟಿ ತೋರಿಸ್ತೀನಿ."

"ದಾಟಲಿಲ್ಲ ಅಂದ್ರೆ?"

ವಂಶಿಕೃಷ್ಣನ ಪ್ರಶ್ನೆಗೆ ಉತ್ತರ ಕೊಟ್ಟವಳು ಮೃದುಲಾ. "ಆ ಬೀಗದ ಕೈ ನನಗೆ. ಭಾನುವಾರದ ಸಿನಿಮಾ ನಾನು ಮಂಗಳ ಹಾಡೋ ತನಕ ನೋಡ್ತೀನಿ."

"ಆಗಲಿ" ಎಂದುಬಿಟ್ಟರು ಮೇಷ್ಟ್ರು. ಅಂದ ಮೇಲೆ ಎದೆಯ ಮೇಲಿನ ಬೀಗದ ಕೈ ತಣ್ಣಗೆ ತಾಗಿತು.

ಸೋಮವಾರ ಮಧ್ಯಾಹ್ನ ಮೂರು ಹತ್ತಕ್ಕೆ ಪ್ರಶಸ್ತ ಮುಹೂರ್ತ. ಮನೆಯವರನ್ನೆಲ್ಲ ಒಳಗೆ ಅಟ್ಟಿ, ಏಕಾಗ್ರತೆಗೆ ಭಂಗ ಬರಬಾರದೆಂದು ನಡುಮನೆಯ ಬಾಗಿಲಿಗೆ ಅಗುಳಿ ಹಾಕಿದರು. ಮೂರು ಐದಕ್ಕೇ ಎಲ್ಲ ಸ್ವಿಚ್ಚು ಹಾಕಿ, ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ವಿಘ್ನೇಶ್ವರನ ಶ್ಲೋಕ ಹೇಳಿದರು. ಕಣ್ಣು ಬಿಟ್ಟಾಗ ನೋಡುತ್ತಾರೆ, ಗೊಂಬೆ ಆಗಲೇ ಹೊರಟುಬಿಟ್ಟಿದೆ. ಗಾಬರಿಯಿಂದ ಬಟನ್‌ಗಳನ್ನು ಅಮುಕಿದರು. ಗೊಂಬೆ ಹಾರಿತು. ದತ್ತೂರಿ ಕಾಯಿ ಕಾಲ ಕೆಳಗೆ ಉರುಳಿಹೋಯಿತು. ಮತ್ತೆ ಅಮುಕಿದರು, ಮೊದಲನೇ ಹಳ್ಳ ದಾಟಿತು. ಎರಡನೆಯದೂ ದಾಟಿತು. ಮೂರನೆಯದಕ್ಕೆ ಕಾಲು ಎಟುಕದೆ ಬಿತ್ತು.

ಮೇಷ್ಟ್ರು ದಂಗಾಗಿ ಕೂತರು. ವಂಶಿಕೃಷ್ಣನಿಗೆ ಆಗದ್ದು ತಮಗೆ ಮೊದಲ ಸಲಕ್ಕೇ ಆಗಿತ್ತು. ಮುಹೂರ್ತದ ಮಹಿಮೆಯೆಂದರೆ ಇದು. (ಮಧ್ಯದ ಬಟನ್ನಿನ ಹತ್ತಿರ ಅವರ ಬೆರಳು ಸುಳಿಯಲಿಲ್ಲ. ಹೇಳಿದ ಮಾತು ಕೇಳುವ ಸ್ವಭಾವ ಅವರದು, ಭಾಮೈದ ಹೇಳಿದ್ದಾದರೂ ಸರಿಯೆ.) ಸತ್ತ ಗೊಂಬೆ ಮತ್ತೆ ಏಳಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಪುನರ್ಜನ್ಮವೆಂದರೆ ಸುಮ್ಮನೆ ಆಗುತ್ತದೆಯೇ ಎಂದು ಅಷ್ಟರಲ್ಲಿ ಇನ್ನೊಂದು ಶ್ಲೋಕ ಹೇಳಿಕೊಳ್ಳುವರು. ಶ್ಲೋಕ ಮುಗಿಯುವುದಕ್ಕೂ ಗೊಂಬೆ ಹೊರಡುವುದಕ್ಕೂ ಸರಿಹೋಗುತ್ತಿತ್ತು.

ಬುಧವಾರದ ಹೊತ್ತಿಗೆ ಮೂವತ್ತೊಂದು ಸಲ ಆಡಿದ್ದರು, ಮೂವತ್ತೊಂದು ಸಲವೂ ಮೂರನೇ ಹಳ್ಳಕ್ಕೇ ಬಿದ್ದಿದ್ದರು. ಅದೂ ಹಳ್ಳದ ಅದೇ ಅಂಚಿನಿಂದ, ಅದೇ ಕೈ ಮೇಲೆತ್ತಿಕೊಂಡು. ಬೇರೆ ಯಾರಾದರೂ ಆಗಿದ್ದರೆ ಸಂಶಯಪಡುತ್ತಿದ್ದರೋ ಏನೋ. ಗಣಿತದ ಮೇಷ್ಟ್ರಿಗೆ ಅದೇ ಲೆಕ್ಕಕ್ಕೆ ಅದೇ ಉತ್ತರ ಬಂದರೆ ಸಮಾಧಾನ. ಕೈ ಚೆನ್ನಾಗಿ ಪಳಗಿದೆ, ದೋಷವೇನಿದ್ದರೂ ಹೊರಗಿನದು ಎಂದುಕೊಂಡರು.

ಗುರುವಾರ ಬೆಳಿಗ್ಗೆ ಹಲ್ಲುಜ್ಜುವಾಗ ಹೊರಗಿನ ದೋಷ ಹೊಳೆಯಿತು. ಬಾಯಲ್ಲಿನ ಹಲ್ಲುಪುಡಿಯ ಸಮೇತ ನಡುಮನೆಗೆ ಓಡಿಬಂದು ನೋಡಿ ಗರಬಡಿದವರಂತೆ ನಿಂತರು. ಟೀವಿ ಇದ್ದದ್ದು ಪೂರ್ವದ ಗೋಡೆಗೆ. ಅದರೆದುರು ಕೂತರೆ ಬಲಗಡೆ ದಕ್ಷಿಣ. ಅಂದರೆ ಆ ಬಡಪಾಯಿ ಗೊಂಬೆಯನ್ನು ಮೂರು ದಿನದಿಂದ ತಾವೇ ಕೈಯಾರೆ ಯಮನ ದಿಕ್ಕಿಗೆ ಓಡಿಸುತ್ತಿದ್ದರು. ಇನ್ನು ಸಾಯದೆ ಏನು ಮಾಡೀತು?

ಟೀವಿ ಉತ್ತರದ ಗೋಡೆಗೆ ಬಂದರೆ ಗೊಂಬೆ ಪೂರ್ವಾಭಿಮುಖವಾಗುತ್ತದೆ. ಆದರೆ ಉತ್ತರದ ಗೋಡೆಗೆ ಇದ್ದದ್ದು ಮೇಷ್ಟ್ರ ತಾಯಿ ಗುಂಡಮ್ಮನವರ ತೇಗದ ಬೀರು, ಬೀರುವಿನ ಮೇಲೆ ಆ ವರ್ಷದ ಮಾವಿನಕಾಯಿ ಉಪ್ಪಿನಕಾಯಿಯ ಐದು ಜಾಡಿ. ಆಂಜಿನಪ್ಪನನ್ನು ಕರೆಸಿದರು. ಅವನು ಬೀರು ನೋಡಿ ತಲೆ ಕೆರೆದುಕೊಂಡ.

"ಯಾಕ್ ಸಾಮಿ, ಗೋಡೆ ಏನಾದ್ರೂ ಬಿರುಕು ಬಿಟ್ಟೈತಾ?"

"ಗೋಡೆಗೆ ಏನೂ ಆಗಿಲ್ಲ. ಒಬ್ಬ ಮನುಷ್ಯನ ಪ್ರಾಣದ ಪ್ರಶ್ನೆ. ಎತ್ತು."

ಬೀರು ಸರಿಯಿತು, ಟೀವಿ ಸರಿಯಿತು, ಒಂದು ಜಾಡಿ ಒಡೆಯಿತು. ಆಂಟೆನಾದ ವೈರು ಎಟುಕದೆ, ಎಳೆದ ರಭಸಕ್ಕೆ ಮಹಡಿಯ ಮೇಲೆ ಆಂಟೆನಾ ಆಂಧ್ರದ ಕಡೆ ತಿರುಗಿಕೊಂಡಿತು. ಅಂದಿನ ವಾರ್ತೆ ತೆಲುಗಿನಲ್ಲಿ ಬಂತು. ಗುಂಡಮ್ಮನವರಿಗೆ ಅದೇನೂ ತೊಂದರೆಯಾಗಲಿಲ್ಲ, ಅವರಿಗೆ ಬೈಗುಳವೂ ತೆಲುಗಿನಲ್ಲೇ ಸಲೀಸು.

"ಏಮಿರಾ ಸುಬ್ಬೂ, ನಿನಗೆ ಬುದ್ಧಿಗಿದ್ಧಿ ಇದೆಯೇನೋ? ಗೊಂಬೆ ಬಿದ್ದರೆ ಬೀಳಲಿ, ನನ್ನ ಉಪ್ಪಿನಕಾಯಿ ಯಾಕೆ ಬೀಳಿಸಿದೆ?"

ಅಂದು ಮಧ್ಯಾಹ್ನ ಗೊಂಬೆ ಪೂರ್ವಾಭಿಮುಖವಾಗಿ ಓಡಿ ಮೂರನೇ ಹಳ್ಳಕ್ಕೆ ಬಿತ್ತು.

ಶುಕ್ರವಾರ ಮೇಷ್ಟ್ರು ಊಟ ಸರಿಯಾಗಿ ಮಾಡಲಿಲ್ಲ. ಕೈ ಅನ್ನದಲ್ಲಿದ್ದರೂ ಹೆಬ್ಬೆರಳು ತಾನಾಗಿ ತಟ್ಟೆಯಂಚನ್ನು ಒತ್ತುತ್ತಿತ್ತು. ಕಣ್ಣು ಮುಚ್ಚಿದರೆ ಹಳ್ಳ. ಬೀಗದ ಕೈ ಮೃದುಲಾಳ ಸೊಂಟದಲ್ಲಿ ಗಿಲಿಗಿಲಿ ಎನ್ನುವುದು ಆಗಲೇ ಕಿವಿಗೆ ಕೇಳಿಸುತ್ತಿತ್ತು. ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಆ ಹೆದರಿಕೆಯಲ್ಲೇ ಮಹಾಪರಾಧವೊಂದು ನೆನಪಾಯಿತು. ಮುಳಬಾಗಿಲಿನ ಸುತ್ತ ಯಾರೇ ಹೊಸ ಗಾಡಿ ತಂದರೂ ಮೊದಲು ಕುರುಡುಮಲೆ ಗಣಪತಿಯ ಮುಂದೆ ನಿಲ್ಲಿಸುತ್ತಾರೆ. ಪ್ರಥಮ ಪೂಜೆ ಆತನಿಗೆ. ಇವರು ಅದನ್ನೇ ಮರೆತು ಆಟಕ್ಕೆ ಕೂತಿದ್ದರು.

ಶನಿವಾರ ತಾಯಿಯನ್ನೂ ಕರೆದುಕೊಂಡು ಬಸ್ಸಿನಲ್ಲಿ ಕುರುಡುಮಲೆಗೆ ಹೋದರು. ಚೀಲದಿಂದ ರಿಮೋಟು, ವೈರು, ಕ್ಯಾಸೆಟ್ಟು ತೆಗೆದು ತಟ್ಟೆಯಲ್ಲಿಟ್ಟರು. ಅರ್ಚಕರು ಕುಂಕುಮದ ಬಟ್ಟಲು ಹಿಡಿದು ಒಂದು ಗಳಿಗೆ ನೋಡಿದರು.

"ಇದು ಯಾವ ಗಾಡಿದು ಸ್ವಾಮಿ?"

"ಓಡೋದೇ ಅನ್ಕೊಳ್ಳಿ. ಮೂರನೇ ಹಳ್ಳದ ಹತ್ರ ಸ್ವಲ್ಪ ತೊಂದರೆ ಇದೆ."

ಅರ್ಚಕರು ಹೆಚ್ಚು ಕೇಳದೆ ಕುಂಕುಮ ಹಚ್ಚಿ ನಿಂಬೆಹಣ್ಣು ಕೊಟ್ಟರು. ಬಾಳೆಲೆಯಲ್ಲಿ ಕಟ್ಟಿಕೊಟ್ಟ ಪಂಚಕಜ್ಜಾಯವನ್ನು ಮೇಷ್ಟ್ರು ತಾಯಿಯ ಕೈಗಿತ್ತು, "ಅಮ್ಮ, ನಾಳೆ ಶುರು ಮಾಡೋಕೆ ಮುಂಚೆ ನನಗೆ ಇದನ್ನ ಮರೀದೆ ಕೊಡು" ಎಂದರು.

ಭಾನುವಾರ ಮಧ್ಯಾಹ್ನ ಮೂರಕ್ಕೆ ನಡುಮನೆ ತುಂಬಿತ್ತು. ವಂಶಿಕೃಷ್ಣ ಬಂದಿದ್ದ. ಬೀರು ಹೊತ್ತ ಹಕ್ಕಿನಿಂದ ಆಂಜಿನಪ್ಪ ಬಂದಿದ್ದ. ಪಕ್ಕದ ಮನೆಯ ಶಾಮಲಮ್ಮ ತಮ್ಮ ಮನೆಗೆ ಬಂದಿದ್ದ ನಾಲ್ಕು ಜನ ನೆಂಟರನ್ನೂ ಕರೆತಂದಿದ್ದರು. ಮೇಷ್ಟ್ರು ಮಡಿಪಂಚೆಯುಟ್ಟು, ವಿಭೂತಿ ಧರಿಸಿ, ಮಣೆಯ ಮೇಲೆ ಪದ್ಮಾಸನ ಹಾಕಿ ಕೂತು, ಕುಂಕುಮ ಮೆತ್ತಿದ ರಿಮೋಟನ್ನು ಕಣ್ಣಿಗೊತ್ತಿಕೊಂಡರು. ಶ್ಲೋಕ ಮುಗಿಯಿತು. ಗೊಂಬೆ ಹೊರಟಿತು.

ಏನು ಆಟ ಅದು! ಬೆರಳುಗಳು ವೀಣೆಯ ಮೇಲೆ ಆಡಿದ ಹಾಗೆ ಆಡಿದವು. ಗೊಂಬೆ ಹಾರುವುದಕ್ಕೂ ಮೇಷ್ಟ್ರ ಹೆಬ್ಬೆರಳು ಅಮುಕುವುದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಒಂದು ವಾರದ ಸಾಧನೆ ಅದು. ದತ್ತೂರಿ ಕಾಯಿ ಹೋಯಿತು. ಮೊದಲನೇ ಹಳ್ಳ ಹೋಯಿತು. ವಂಶಿಕೃಷ್ಣನ ಬಾಯಿ ತೆರೆದುಕೊಂಡಿತು. ಮೃದುಲಾಳ ಮುಖ ಸಪ್ಪಗಾಯಿತು. ಗಂಡನಿಗೆ ಅದೂ ಕಂಡಿತು, ಒಳಗೊಳಗೇ ಹಿಗ್ಗಾಯಿತು. ಎರಡನೇ ಹಳ್ಳವೂ ಹಿಂದೆ ಸರಿಯಿತು.

ಆಗ ಗುಂಡಮ್ಮನವರು ಒಳಗಿಂದ ಬಂದರು.

"ಅಯ್ಯೋ ಸುಬ್ಬೂ, ಪ್ರಸಾದ ಕೊಡೋದೇ ಮರೆತೆ ಕಣಪ್ಪ. ತಗೋ."

ಪ್ರಸಾದ ಎಂದು ಎದುರಿಗೆ ಬಂದರೆ ಒಂಟಿಗೈ ಚಾಚಿ ಅಭ್ಯಾಸವಿಲ್ಲದ ವಂಶ. ಮೇಷ್ಟ್ರು ಯೋಚಿಸಲೇ ಇಲ್ಲ. ರಿಮೋಟನ್ನು ನೆಲದ ಮೇಲಿಟ್ಟರು, ಎಡಗೈಯ ಮೇಲೆ ಬಲಗೈ ಇಟ್ಟು ಬೊಗಸೆಯೊಡ್ಡಿದರು, ಪಂಚಕಜ್ಜಾಯ ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡರು.

ಪರದೆಯ ಮೇಲೆ ಗೊಂಬೆ ಓಡುತ್ತಲೇ ಇತ್ತು.

ಹತ್ತು ಜನರ ಕಣ್ಣು ಮೊದಲು ಗೊಂಬೆಯ ಮೇಲೆ, ಆಮೇಲೆ ನೆಲದ ಮೇಲೆ ಅನಾಥವಾಗಿ ಬಿದ್ದಿದ್ದ ರಿಮೋಟಿನ ಮೇಲೆ, ಆಮೇಲೆ ಮೇಷ್ಟ್ರ ಮೇಲೆ ಹೋದವು. ಗೊಂಬೆ ಒಂದು ಕಲ್ಲು ಹತ್ತಿತು, ಇಳಿಯಿತು, ಹಕ್ಕಿಯೊಂದಕ್ಕೆ ತಲೆ ತಗ್ಗಿಸಿತು, ಸಾವಕಾಶವಾಗಿ ಮೂರನೇ ಹಳ್ಳದ ಅಂಚಿಗೆ ಬಂದು, ಕೈ ಮೇಲೆತ್ತಿಕೊಂಡು ಬಿತ್ತು. ಮೇಷ್ಟ್ರ ಬಾಯಲ್ಲಿ ಪಂಚಕಜ್ಜಾಯ ನಿಂತಲ್ಲೇ ನಿಂತಿತು.

"ಅಪ್ಪ" ಎಂದಳು ಸೌಪರ್ಣಿಕಾ ಮೆಲ್ಲಗೆ. "ಇದು ನೀವು ಆಡಿದ್ದಲ್ಲ. ಯಾರೂ ಶುರು ಮಾಡ್ದೆ ಹಾಗೇ ಬಿಟ್ರೆ, ಹೀಗಾಡಬೇಕು ಅಂತ ಅದೇ ಒಂದ್ಸಲ ಆಡಿ ತೋರ್ಸತ್ತೆ."

"ಭಾವ, ನೀವು ಮಧ್ಯದ ಬಟನ್ ಒತ್ತಲೇ ಇಲ್ವಾ?"

"ಮುಟ್ಟಬೇಡಿ ಅಂದವನು ನೀನೇ ಅಲ್ವೇನಯ್ಯ?"

"ಶುರುವಾದ ಮೇಲೆ ಮುಟ್ಟಬೇಡಿ ಅಂದೆ ಭಾವ. ಶುರು ಮಾಡೋಕೆ ಇರೋದೇ ಅದು."

ಆಂಜಿನಪ್ಪ ಬೀರುವನ್ನೂ ಟೀವಿಯನ್ನೂ ಒಮ್ಮೆ ನೋಡಿ, ತನ್ನ ಸೊಂಟವನ್ನು ಮುಟ್ಟಿ ನೋಡಿಕೊಂಡ. "ಅಂಗಾದ್ರೆ ಸಾಮಿ, ಈ ವಾರವೆಲ್ಲ ಆಡಿದ್ದು ಯಾರು?" ಎಂದ. ಕುಹಕವಿರಲಿಲ್ಲ, ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಮೇಷ್ಟ್ರು ಮಧ್ಯದ ಬಟನ್ ಒತ್ತಿದರು, ಆ ಜನ್ಮದಲ್ಲಿ ಮೊದಲ ಸಲ. ಗೊಂಬೆ ಎದ್ದು ನಿಂತಿತು, ನಿಂತೇ ಇತ್ತು. ಇಷ್ಟು ದಿನ ಹೇಳದೆಯೇ ಓಡುತ್ತಿದ್ದ ಗೊಂಬೆ ಇಂದು ತಮ್ಮ ಅಪ್ಪಣೆಗೆ ಕಾಯುತ್ತಿದೆ ಎಂಬುದು ಅವರಿಗೆ ಹೊಳೆಯುವಷ್ಟರಲ್ಲಿ ದತ್ತೂರಿ ಕಾಯಿ ಉರುಳಿ ಬಂದು ಕತೆ ಮುಗಿಸಿತು. ಹಳ್ಳದ ತನಕ ಹೋಗುವ ಮಾತೇ ಬರಲಿಲ್ಲ.

ಮೃದುಲಾ ಅಂಗೈ ಚಾಚಿದಳು. ಜನಿವಾರದ ಗಂಟು ಹಳೆಯದು, ಬಿಗಿ. ಕಡೆಗೆ ಗುಂಡಮ್ಮನವರೇ ಕನ್ನಡಕ ಹಾಕಿಕೊಂಡು ಬಂದು ಬಿಚ್ಚಿಕೊಟ್ಟರು, ಉಪ್ಪಿನಕಾಯಿಯ ಜಾಡಿ ಅವರಿಗಿನ್ನೂ ಮರೆತಿರಲಿಲ್ಲ.

ವಂಶಿಕೃಷ್ಣ ಮಹಡಿ ಹತ್ತಿ ಆಂಟೆನಾ ತಿರುಗಿಸಿದ. ನಾಲ್ಕಕ್ಕೆ ಸಿನಿಮಾ ಶುರುವಾಯಿತು. ನಾಲ್ಕೂವರೆಗೆ ಅಭ್ಯಾಸಬಲದಿಂದ ಮೇಷ್ಟ್ರ ಕೈ ಎದೆಗೆ ಹೋಯಿತು, ಅಲ್ಲೇನಿರಲಿಲ್ಲ. ಲಂಗದ ಹುಡುಗಿ ಸೀರೆಯುಟ್ಟು ಕಾಲೇಜಿಗೆ ಹೋಗುವುದನ್ನು ಮೃದುಲಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಐದು ಗಂಟೆಗೆ ಜಾಹೀರಾತು ಬಂತು. ಮೇಷ್ಟ್ರ ಹೆಬ್ಬೆರಳು ಒಂದೇ ಸಮನೆ ಕಡಿಯುತ್ತಿತ್ತು. ಮೆಲ್ಲಗೆ ಹೆಂಡತಿಯ ಪಕ್ಕಕ್ಕೆ ಸರಿದರು.

"ಮೃದೂ, ಈ ಜಾಹೀರಾತು ಮುಗಿಯೋದರೊಳಗೆ ಒಂದೇ ಒಂದು ಸಲ ಆಡ್ಲಾ? ಈಗ ಬಟನ್ ಗೊತ್ತಾಯ್ತಲ್ಲ."

ಮೃದುಲಾ ಗೋಡೆಯ ಗಡಿಯಾರ ನೋಡಿದಳು.

"ರಾಹುಕಾಲ ಅಲ್ವೇನ್ರೀ" ಎಂದಳು, ಬಹಳ ಮರ್ಯಾದೆಯಿಂದ. "ನಮ್ಮ ಸಿನಿಮಾ ಮೊದಲೇ ಶುರುವಾಗಿದ್ದು, ದೋಷ ಇಲ್ಲ. ನೀವು ಇನ್ನೂ ಶುರು ಮಾಡಬೇಕು."