ಟೋಪಿ ಪ್ರೋಗ್ರಾಮಿನ ಬಂಧನ ಕುರಿತು ವೈರಸ್ ಕಾವಲುಗಾರರಿಗೆ

ಮಾನ್ಯರೇ,

ನಮ್ಮ ಊಟದ ಮೇಜಿನ ತುದಿಯಲ್ಲಿ ಕೂತಿರುವ ಕಂಪ್ಯೂಟರಿನ ಬಲಮೂಲೆಯಲ್ಲಿ ಹಸಿರು ಗುರಾಣಿ ಹಿಡಿದು, ಊಟ ನಿದ್ರೆಗಳ ಹಂಗಿಲ್ಲದೆ, ವೈರಸ್ಸುಗಳಿಗಾಗಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ತಮಗೆ ಮನೆಮಂದಿಯೆಲ್ಲರ ಅನಂತ ನಮಸ್ಕಾರಗಳು. ನಾವು ಕ್ಷೇಮವೇ ಎಂದು ತಾವು ಕೇಳಬೇಕಾಗಿಯೇ ಇಲ್ಲ. "ನೀವು ಸುರಕ್ಷಿತವಾಗಿದ್ದೀರಿ" ಎಂದು ತಾವೇ ಗಳಿಗೆಗೊಮ್ಮೆ ಬಂದು ಹೇಳಿ ಹೋಗುತ್ತೀರಿ, ಅದೂ ನಾನು ಬರೆಯುತ್ತಿರುವ ವಾಕ್ಯದ ನಟ್ಟನಡುವೆ ನಿಂತು.

ಮೊದಲಿಗೆ ಅಭಿನಂದನೆ. ತಾವು ಬಂದ ಮೇಲೆ ನಮ್ಮ ಕಂಪ್ಯೂಟರು ಎಷ್ಟು ನಿಧಾನವಾಗಿದೆಯೆಂದರೆ, ಒಳಗೆ ಬಂದ ವೈರಸ್ಸೂ ಬೇಸತ್ತು ಬೇರೆ ಮನೆ ನೋಡಿಕೊಳ್ಳಬೇಕು. ಅತಿಥಿ ಸತ್ಕಾರದಲ್ಲಂತೂ ತಮಗೆ ಸಾಟಿಯಿಲ್ಲ. ನನ್ನ ಭಾವಮೈದುನ "ಕುಣಿಯುವ ಕರಡಿ, ಪುಕ್ಕಟೆ" ಎಂಬ ಮಿಂಚಂಚೆಯನ್ನು ತೆರೆದಾಗ ತಾವು ಹಸಿರು ಗುರುತು ಹಾಕಿ ಬರಮಾಡಿಕೊಂಡಿರಿ. ಆ ಕರಡಿ ನಮ್ಮ ಫೋಟೋಗಳನ್ನೆಲ್ಲ ತಲೆಕೆಳಗು ಮಾಡಿ, ಭಾವಮೈದುನನ ಹೆಸರಿನಲ್ಲಿ ಅವನ ಮೇಲಧಿಕಾರಿಗೆ ಒಂದು ಪ್ರೇಮಪತ್ರವನ್ನೂ ರವಾನಿಸಿತು. ಈಗ ಕರಡಿ ನಿಂತಿದೆ, ಕುಣಿಯುತ್ತಿರುವವನು ಭಾವಮೈದುನ.

ಇಂಥ ವಿಶಾಲ ಹೃದಯದ ತಾವು ಮೊನ್ನೆ ಮೊನ್ನೆ "ಟೋಪಿ" ಎಂಬ ಪ್ರೋಗ್ರಾಮನ್ನು ಮಾತ್ರ ಹಿಡಿದು ಸೆರೆಗೆ ತಳ್ಳಿದಿರಿ. ಹೆಸರು ಕೇಳಿದರೆ ಯಾರಿಗಾದರೂ ಅನುಮಾನ ಬರುವಂಥದ್ದೇ, ಒಪ್ಪುತ್ತೇನೆ. ಆದರೆ ನನ್ನ ಅತ್ತಿಗೆ ಉಣ್ಣೆಯ ಟೋಪಿ ಹೆಣೆಯುವವರು. ಹೆರಿಗೆ ಆಸ್ಪತ್ರೆಯ ಕೂಸುಗಳಿಗೆಲ್ಲ ಟೋಪಿ ಹಾಕಿಯೂ ಒಳ್ಳೆಯ ಹೆಸರು ಉಳಿಸಿಕೊಂಡವರು. ತಲೆಯ ಸುತ್ತಳತೆ ಕೊಟ್ಟರೆ ಕಡ್ಡಿಯ ಮೇಲೆ ಎಷ್ಟು ಕುಣಿಕೆ ಹಾಕಬೇಕೆಂದು ಆ ಪ್ರೋಗ್ರಾಮು ಹೇಳುತ್ತದೆ. ತೆರೆದೊಡನೆ ಪರದೆಯ ಮೇಲೆ "ಏನಮ್ಮಾ ಮಹಾರಾಣಿ, ಇವತ್ತು ಯಾರಿಗೆ ಟೋಪಿ?" ಎಂಬ ಸಾಲು ಮೂಡುತ್ತದೆ. ತೀರಿಹೋದ ನನ್ನ ಅಣ್ಣ ಅತ್ತಿಗೆಗಾಗಿ ಬರೆದಿಟ್ಟು ಹೋದದ್ದು ಅದೊಂದೇ.

ತಮ್ಮ ಆರೋಪ ಹೀಗಿತ್ತು: ಕರ್ತೃ ಅಪರಿಚಿತ, ಸಹಿ ಇಲ್ಲ, ಜಗತ್ತಿನಲ್ಲಿ ಬೇರೆ ಯಾರೂ ಬಳಸುತ್ತಿಲ್ಲ, ವಾರದೊಳಗೆ ಶಾಶ್ವತವಾಗಿ ಅಳಿಸಲಾಗುವುದು. ಅಣ್ಣ ಅಪರಿಚಿತನೆನಿಸಿದರೆ ಬೀದಿಕೊನೆಯ ಕ್ಷೌರಿಕರನ್ನು ವಿಚಾರಿಸಿ. ತಮ್ಮ ಕಿವಿಗಳು ದಣಿಯುವವರೆಗೆ ಹೇಳಿಯಾರು. ಸಹಿಯೋ, ಅವನದು ಪ್ರತಿಸಲ ಬೇರೆ ಬೇರೆ, ಬ್ಯಾಂಕಿನವರೇ ಒಪ್ಪುತ್ತಿರಲಿಲ್ಲ. ಈಗ ತರಿಸಿಕೊಡುವುದು ಇನ್ನೂ ಕಷ್ಟ. ಒಬ್ಬರಿಗಾಗಿಯೇ ಬರೆದದ್ದನ್ನು ಊರೆಲ್ಲ ಬಳಸಬೇಕೆಂಬ ತಮ್ಮ ಅಪೇಕ್ಷೆ ಮಾತ್ರ ನನಗೆ ಅರ್ಥವಾಗಲಿಲ್ಲ. ಇನ್ನೊಂದು ಪ್ರತಿ ಮಾಡಿಡೋಣವೆಂದರೆ ಪೆನ್‌ಡ್ರೈವಿನಲ್ಲಿದ್ದದ್ದನ್ನೂ ಒಳಗೆ ಹಾಕಿದಿರಿ.

ಕೊನೆಗೆ ತಮ್ಮ ಸೆಟ್ಟಿಂಗುಗಳ ಸಂದಿಗೊಂದಿಯನ್ನೆಲ್ಲ ಸುತ್ತಿ ಬಿಡುಗಡೆಯ ಗುಂಡಿಯನ್ನು ಹುಡುಕಿದೆ. "ಇದನ್ನು ಬರೆದವರನ್ನು ನಂಬುವುದು ಅಪಾಯಕರ. ಮುಂದಿನ ಹಾನಿಗೆ ನೀವೇ ಹೊಣೆ. ಆದರೂ ನಂಬುವಿರಾ?" ಎಂದಿರಿ. ನಾನು ಹಿಂದೆಮುಂದೆ ನೋಡಿದೆ. ಬೆನ್ನಹಿಂದೆ ನಿಂತಿದ್ದ ಅತ್ತಿಗೆ, "ಮದುವೆಗೆ ಮುಂಚೆ ನಮ್ಮಪ್ಪಾನೂ ಇದನ್ನೇ ಕೇಳಿದ್ರು ಕಣೋ, ಸರಿ ಆ ಕಡೆ" ಎಂದು ಮೌಸ್ ಕಿತ್ತುಕೊಂಡು ಗುಂಡಿಯನ್ನು ಅವರೇ ಒತ್ತಿದರು.

ಮರುದಿನ ತಾವು ಮತ್ತೆ ಹಿಡಿದಿರಿ. ಈಗ ದಿನಾ ಬೆಳಗ್ಗೆ ಹಿಡಿಯುತ್ತೀರಿ, ಅದೇ ಪ್ರಶ್ನೆ ಕೇಳುತ್ತೀರಿ. ತಮ್ಮ ಈ ಮರೆಗುಳಿತನವನ್ನು ಖಂಡಿಸಲೆಂದೇ ನಾನು ಬರೆಯಲು ಕೂತದ್ದು. ಆದರೆ ಅತ್ತಿಗೆ ಉಣ್ಣೆಯ ಉಂಡೆಯನ್ನು ಮಡಿಲಿಗೆ ಹಾಕಿಕೊಂಡು, ಕನ್ನಡಕ ಏರಿಸಿ, ತಮ್ಮ ಪ್ರಶ್ನೆಯನ್ನು ಪೂರ್ತಿ ಓದಿ, "ಹ್ಞೂಂ, ನಂಬ್ತೀನಪ್ಪಾ" ಎಂದು ಗುಂಡಿ ಒತ್ತುವುದನ್ನು ಈ ಬೆಳಗ್ಗೆ ಬಾಗಿಲ ಮರೆಯಿಂದ ಕಂಡ ಮೇಲೆ ದೂರನ್ನು ತಿದ್ದಬೇಕಾಯಿತು. ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೇ: ಅಳಿಸುವ ಮಾತನ್ನು ಬಿಡಿ, ಕೇಳುವುದನ್ನು ಮಾತ್ರ ಬಿಡಬೇಡಿ. ಎಷ್ಟು ವರ್ಷ ಕಳೆದರೂ ದಯಮಾಡಿ ಏನನ್ನೂ ಕಲಿಯಬೇಡಿ. ತಮಗೆ ಅದು ಕಷ್ಟವಾಗಲಾರದು.

ತಮ್ಮ ವಿಶ್ವಾಸಿ,
ಆ ಅಪರಿಚಿತ ಕರ್ತೃವಿನ ತಮ್ಮ

ತಾ.ಕ.: ತಮಗೂ ಒಂದು ಟೋಪಿ ಹೆಣೆದುಕೊಡಲು ಅತ್ತಿಗೆ ಸಿದ್ಧರಿದ್ದಾರೆ, ತಲೆಯ ಸುತ್ತಳತೆ ತಿಳಿಸಿ. ತಲೆಯೇ ಇಲ್ಲವೆಂದರೆ ಸಂಕೋಚ ಬೇಡ. ಅಂಥವರಿಗೆಂದು ಅಣ್ಣ ಆ ಪ್ರೋಗ್ರಾಮಿನಲ್ಲೇ ಬೇರೆ ಒಂದು ಲೆಕ್ಕ ಹಾಕಿಟ್ಟಿದ್ದಾನೆ. ಭಾವಮೈದುನನ ಟೋಪಿ ಅದರಲ್ಲೇ ಆದದ್ದು.