ಗೌಡರ ಬಂದೂಕು ಕಪ್ಪಾದ ಪ್ರಸಂಗ

ನನ್ನ ಹತ್ತಿರ ಬಂದೂಕು ತಂದವರಲ್ಲಿ ನನ್ನನ್ನು ನಂಬಿ ಬಿಟ್ಟುಹೋದವರು ಒಬ್ಬರೂ ಇಲ್ಲ. ಸವಣೂರಿನಲ್ಲಿ ನನ್ನದು ಬಂದೂಕು ರಿಪೇರಿಯ ಸಣ್ಣ ಅಂಗಡಿ. ಪಕ್ಕದಲ್ಲಿ ಎಣ್ಣೆಯಲ್ಲಿ ಕರಿದ ಖಾರ ಮಾರುವವನ ಭಟ್ಟಿ, ಹಿಂದೆ ವೀಳ್ಯದ ಎಲೆಬಳ್ಳಿಯ ತೋಟ. ಶಿಗ್ಗಾವಿಯಿಂದ ಹಿರೇಕೆರೂರಿನ ತನಕ ಯಾರ ಮನೆಯ ಬಂದೂಕಿನ ನಳಿಗೆ ಕಪ್ಪು ಹೋಗಿ ಬಿಳಿಚಿಕೊಂಡರೂ ನನ್ನಲ್ಲಿಗೇ ಬರಬೇಕು. ಬಂದವರು ನನ್ನ ಕೈಯನ್ನೇ ನೋಡುತ್ತ ಕೂರುವರು. ಅವರನ್ನು ದೂರಲು ನನಗೂ ಬಾಯಿಲ್ಲ, ನಾನೂ ಅವರ ಮುಖ ನೋಡಿ, ಹಿಂದೆ ಯಾರಾದರೂ ನಿಂತಿದ್ದಾರೋ ನೋಡಿ, ಆಮೇಲೆ ಒಳಗೆ ಕರೆಯುವವನು. ಆದರೆ ಹಾನಗಲ್ ಕಡೆಯ ಒಬ್ಬ ಗೌಡರ ಮುಂದೆ ನಾನೂ ಕೂಸೇ.

ತೂಕ ಕಮ್ಮಿ

ಸ್ವಾತಂತ್ರ್ಯದ ಚಳವಳಿ ಜೋರಾಗಿದ್ದ ಬೇಸಿಗೆ. ಸರಕಾರದ ಕಣ್ಣು ಊರೂರಿನ ಬಂದೂಕುಗಳ ಮೇಲೆ ಬಿದ್ದಿತ್ತು. ಗೌಡರ ಜೋಡುನಳಿಗೆ ಬಂದೂಕು ತುಕ್ಕು ತಿಂದು ಅದರ ನಂಬರು ಕೂಡ ಅಳಿಸಿಹೋಗಿತ್ತು. ರಿಪೇರಿ ಮಾಡಿಸಿ ತಂದು ತೋರಿಸದಿದ್ದರೆ ಜಮಾ ಮಾಡಿಕೊಳ್ಳುತ್ತೇವೆಂದು ಹಾನಗಲ್ಲಿನ ಮಾಮ್ಲೇದಾರ ಕಚೇರಿಯವರು ಹೇಳಿ ಕಳಿಸಿದ್ದರು. ಅದು ಗೌಡರ ಅಪ್ಪನ ಬಂದೂಕು. ಅದು ಹೋದರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ನನಗೂ ಅಷ್ಟೇ, ಕೈಗೆ ಬಂದ ಬಂದೂಕಿನಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ನನ್ನ ರಿಪೇರಿ ಲೈಸನ್ಸು ಹೋಗಿ ಅಂಗಡಿಗೆ ಬೀಗ.

ಗೌಡರ ಬಲಗೈ ತೋರುಬೆರಳು ಅರ್ಧವೇ ಇತ್ತು. ಉಳಿದದ್ದು ಕಬ್ಬಿನ ಗಾಣಕ್ಕೆ ಹೋಗಿತ್ತು. ಆ ಅರ್ಧ ಬೆರಳಿನಿಂದಲೇ ಎಡ ನಳಿಗೆಯ ಮೇಲಿನ ಹುಣಸೆಬೀಜದಷ್ಟು ತಗ್ಗು ತೋರಿಸಿ, "ನಮ್ಮಪ್ಪ ಹಂದಿ ಬೆನ್ನ ಹತ್ತಿ ಬಿದ್ದಾಗ ಆಗಿದ್ದಿದು. ಇದೂ ಇರಬಾರ್ದು. ಹೊಸಾದರ ಹಂಗ ಆಗಬೇಕು ನೋಡು, ಮಿಸ್ತ್ರಿ" ಎಂದರು.

ನಾನು ಹಿಡಿ ಬಿಚ್ಚಿದೆ. ಬರಿ ನಳಿಗೆ ಎತ್ತಿಕೊಂಡು ಗೌಡರು ಬೆಲ್ಲದ ಅಂಗಡಿಗೆ ಹೋಗಿ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದರು. ನಾನು ತಗ್ಗು ಎಬ್ಬಿಸಿ, ತುಕ್ಕು ಉಜ್ಜಿ ತೆಗೆದ ಮೇಲೆ ಮತ್ತೆ ಬಂದು ತೂಗಿಸಿದರು. ತೂಕ ಕಮ್ಮಿ ಬಂತು.

"ಎಲ್ಲಿ ಹೋತು ನಮ್ಮ ಕಬ್ಬಿಣ?"

ಕಾಗದದ ಮೇಲೆ ಬಿದ್ದ ಕೆಂಪು ಪುಡಿ ತೋರಿಸಿದೆ. "ಇದ ನೋಡ್ರಿ, ಬರೇ ತುಕ್ಕು."

ಗೌಡರು ಆ ಪುಡಿಯನ್ನು ಕಾಗದದ ಸಮೇತ ಧೋತರದ ಚುಂಗಿಗೆ ಕಟ್ಟಿಕೊಂಡು ಹೋದರು. ಮುಂದಿನ ಸಂತೆಗೆ ಬಂದು ನನ್ನ ಕಿವಿಯಲ್ಲಿ ಕೇಳಿದರು: "ಮಿಸ್ತ್ರಿ, ಪುಡಿ ಪೂರ್ತಿ ಕೊಟ್ಟಿಯೋ ಇಲ್ಲೋ? ಮನ್ಯಾಗ ತೂಗಿದೆ, ಇನ್ನೂ ಕಮ್ಮಿ ಐತಿ."

ತೋಟದಲ್ಲಿ ನಳಿಗೆ

ನಳಿಗೆಗೆ ಕಪ್ಪು ಏರಿಸಬೇಕೆಂದರೆ ಮೊದಲು ಅದಕ್ಕೆ ಹೊಸದಾಗಿ ತುಕ್ಕು ಹಿಡಿಸಬೇಕು. ಇದನ್ನು ಯಾರಿಗೆ ಹೇಳಿದರೂ ನನಗೆ ತಲೆ ಕೆಟ್ಟಿದೆ ಎನ್ನುವರು. ಸುಣ್ಣದಿಂದ ತೊಳೆದು ಜಿಡ್ಡು ತೆಗೆದು, ತೇಜಾಬಿನ, ಅಂದರೆ ಆಮ್ಲದ, ನೀರು ಸವರಿ, ತಂಪು ಜಾಗದಲ್ಲಿ ತೂಗುಬಿಟ್ಟರೆ ಮೈತುಂಬ ಕೆಂಪು ತುಕ್ಕು ಏಳುತ್ತದೆ. ಅದನ್ನು ಕುದಿಸಿದರೆ ಕಪ್ಪಾಗುತ್ತದೆ. ನಡುವೆ ಎಣ್ಣೆಗೈ ತಾಗಿತೋ, ತಾಗಿದಲ್ಲಿ ಬಣ್ಣ ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಎಲೆಬಳ್ಳಿಯ ತೋಟಕ್ಕಿಂತ ತಂಪು ಜಾಗ ಸವಣೂರಲ್ಲಿ ಇನ್ನೆಲ್ಲಿದೆ? ಹಿಂದಿನ ತೋಟದಲ್ಲಿ ಬಳ್ಳಿಗಳ ನಡುವೆ ನಳಿಗೆ ಕಟ್ಟಿದೆ.

ತೋಟದ ಯಜಮಾನ ಓಡಿ ಬಂದ. "ಯಾರ್ನ ಗುರಿ ಇಟ್ಟೀಯೋ ಮಿಸ್ತ್ರಿ?"

"ಅದಕ್ಕ ಹಿಡಿ ಇಲ್ಲ, ಗುಂಡ ಹಾರಸೂ ಕುದುರಿ ಇಲ್ಲ. ಬರೇ ಕೊಳವಿರಿ."

ಅವನು ನಂಬಲಿಲ್ಲ. ಅವತ್ತು ತೋಟಕ್ಕೆ ನೀರು ಬಿಡುವಾಗ ನಳಿಗೆಯ ಬಾಯಿ ಇದ್ದ ಕಡೆ ಸುಳಿಯಲೇ ಇಲ್ಲ. ಮರುದಿನ ಮಾತ್ರ ಒಂದು ಕಟ್ಟು ಎಲೆ ಹಿಡಿದು ನಗುತ್ತ ಬಂದ. ಬಹಳ ದಿನದಿಂದ ಅವನ ತೋಟದಲ್ಲಿ ಎಲೆ ಕಳವಾಗುತ್ತಿತ್ತಂತೆ, ಇವತ್ತು ಒಂದೂ ಹೋಗಿಲ್ಲವಂತೆ.

"ಇನ್ನೊಂದ ನಾಕ ದಿನ ಇರ್ಲಿ ಬಿಡು, ತಗೀಬ್ಯಾಡ" ಎಂದ.

"ಕಳ್ಳ ಯಾರಂತ ಗೊತ್ತಾತೇನ್ರಿ?"

"ಎಲ್ಲಿ ಗೊತ್ತಾಗತೈತಿ? ಕೇಳೂಣಂದ್ರ ನಮ್ಮ ಕಾವಲುಗಾರ ನಿನ್ನಿಯಿಂದ ಕೆಲಸಕ್ಕ ಬಂದಿಲ್ಲ."

ಉದ್ದನೆಯ ನುಗ್ಗಿಕಾಯಿ

ತುಕ್ಕು ಎದ್ದ ನಳಿಗೆಯನ್ನು ಹಿತ್ತಲಲ್ಲಿ ಉದ್ದನೆಯ ತಗಡಿನ ತೊಟ್ಟಿಯಲ್ಲಿಟ್ಟು ಕುದಿಸುತ್ತಿದ್ದೆ. ಸವಣೂರು ಸಂಸ್ಥಾನದ ಪೊಲೀಸನೊಬ್ಬ ಹೊಗೆ ನೋಡಿ ಬಾಂಬು ಮಾಡುತ್ತಿದ್ದಾರೆಂದು ಒಳಗೆ ನುಗ್ಗಿದ. ನಾನು ಸೌದೆ ತರಲು ಹೋಗಿದ್ದೆ, ನನ್ನ ಹೆಂಡತಿ ಒಬ್ಬಳೇ ಇದ್ದಳು. ಬಂದೂಕು ಎಂದರೆ ಇವನು ಸಂಜೆತನಕ ಏಳುವುದಿಲ್ಲವೆಂದು ಅವಳ ಲೆಕ್ಕ.

"ಏನ್ ಕುದಸಾಕತ್ತೀರಿ?"

"ನುಗ್ಗಿಕಾಯಿರಿ."

"ನುಗ್ಗಿಕಾಯಿಗೆ ಇಷ್ಟುದ್ದ ಪಾತ್ರಿ ಯಾಕ?"

"ನಮ್ಮ ಗಿಡದ್ದು ಉದ್ದ ಇರ್ತಾವ್ರಿ ಸಾಹೇಬ್ರ."

ಪೊಲೀಸ ಮುಚ್ಚಳ ಎತ್ತಿದ. ಹಬೆಯೊಳಗೆ ಎರಡು ಕರಿ ಕೊಳವೆ ಅವನನ್ನೇ ನೋಡುತ್ತಿದ್ದವು. ನಾನು ಬರುವಷ್ಟರಲ್ಲಿ ಅವನು ಒರಳುಕಲ್ಲಿನ ಹಿಂದೆ ಅಡಗಿದ್ದ. ಲೈಸನ್ಸು ತಂದು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದ, ಸರಿ ಎಂದ. ಆದರೆ ಹೋಗಲಿಲ್ಲ. ಅಡುಗೆಮನೆಯೊಳಗೆ ಇಣುಕುತ್ತಲೇ ಇದ್ದ.

"ಇನ್ನೇನ್ ಸಂಶೇರಿ ಸಾಹೇಬ್ರ?"

"ಅಲ್ಲ, ಊಟದ ಹೊತ್ತಾತು. ಖರೇ ನುಗ್ಗಿಕಾಯಿ ಎಲ್ಲಿ ಮುಚ್ಚಿಟ್ಟೀರಿ ಅಂತ ನೋಡಾಕತ್ತೇನಿ."

ಅವನು ಉಂಡು ಹೋದ ಮೇಲೆ ನಳಿಗೆ ಒರೆಸಿ ನೋಡಿದೆ. ಎಲ್ಲ ಕಡೆ ಚೆಂದ ಕಪ್ಪಾಗಿದೆ, ಒಂದು ಕಡೆ ಮಾತ್ರ ಬೆರಳಿನ ಗುರುತು ಬೆಳ್ಳಗೆ ಉಳಿದಿದೆ. ಮೂರು ಉದ್ದ, ಒಂದು ಗಿಡ್ಡ. ತೋಟಕ್ಕೆ ಹೋಗಿ ನೋಡಿದೆ. ಬಳ್ಳಿಯ ಬುಡದಲ್ಲಿ ಪಕ್ಕದಂಗಡಿಯ ಖಾರ ಕಟ್ಟಿದ ಎಣ್ಣೆಕಾಗದ ಬಿದ್ದಿತ್ತು.

ಗೌಡರು ಬಂದಾಗ ಕೇಳಿದೆ, "ನಾ ಇಲ್ಲದಾಗ ತ್ವಾಟಕ್ಕ ಬಂದಿದ್ರೇನ್ರಿ ಗೌಡ್ರ?"

"ನಾ ಯಾಕ ಬರ್ಲಿ? ನಿನ್ನ ನಂಬೇನಿ ನಾನು! ನಮ್ಮಪ್ಪನ ಆಣಿ, ಆ ಕಡಿ ಕಾಲಿಟ್ಟಿಲ್ಲ" ಎಂದರು.

ಸತ್ತವರ ಆಣೆಯ ಮುಂದೆ ನಾನೇನು ವಾದ ಮಾಡಲಿ? ಕಚೇರಿಗೆ ಹೋಗುವ ದಿನವೂ ಹತ್ತಿರ ಬಂದಿತ್ತು. ಆ ಗುರುತಿನ ಮೇಲೆ ಹೇಗೂ ನಳಿಗೆಯ ಕೆಳಗೆ ಕೈ ಹಿಡಿಯುವ ಅಡಿಯ ಮರ ಕೂರುತ್ತದೆ. ಮರ ಹಾಕಿ, ಅಗಸಿ ಎಣ್ಣೆ ಸವರಿ, ಮುಚ್ಚಿಬಿಟ್ಟೆ.

ಹಾನಗಲ್ ಕಚೇರಿ

ಕಚೇರಿಗೆ ಗೌಡರು ನನ್ನನ್ನೂ ಎಳೆದುಕೊಂಡು ಹೋದರು. ಮಾಮ್ಲೇದಾರರು ಗೌಡರ ಬಂದೂಕಿನ ಲೈಸನ್ಸು ಓದಿದರು. ಹಳೆಯ ಜೋಡುನಳಿಗೆ, ಬಣ್ಣ ಹೋಗಿದೆ, ಗುರುತು ಎಡ ನಳಿಗೆಯ ಮೇಲಿನ ತಗ್ಗು. ಬಂದೂಕು ನೋಡಿದರು. ಬಣ್ಣ ಮಿರಮಿರ ಮಿಂಚುತ್ತಿದೆ, ತಗ್ಗಿನ ಸುಳಿವೇ ಇಲ್ಲ.

"ಇದು ಆ ಬಂದೂಕಲ್ಲ. ಅದನ್ನು ಯಾವ ಚಳವಳಿಯವರಿಗೆ ಕೊಟ್ಟಿರಿ?"

ಗೌಡರ ಮುಖ ಇಳಿದುಹೋಯಿತು. ತಗ್ಗು ತೆಗೆಯಲು ಹೇಳಿದ್ದು ತಾವೇ ಎಂದು ಈಗಲಾದರೂ ಹೇಳುತ್ತಾರೆಂದು ನಾನು ಕಾದೆ. ಅವರು ಅರ್ಧ ಬೆರಳು ನನ್ನ ಕಡೆ ಚಾಚಿದರು.

"ನನಗೂ ಮೊದಲಿಂದ ಸಂಶೇ ಇತ್ರಿ ಸಾಹೇಬ್ರ. ಈ ಮಿಸ್ತ್ರಿನ ಬದ್ಲಿ ಮಾಡ್ಯಾನ!"

ಕಚೇರಿಯ ಬಾಗಿಲಲ್ಲಿದ್ದ ಪೊಲೀಸ ನನ್ನ ಹಿಂದೆ ಬಂದು ನಿಂತ. ನನ್ನ ಕಣ್ಣ ಮುಂದೆ ಅಂಗಡಿಯ ಬೀಗವೇ ಬಂತು. ಸಿಟ್ಟು ನೆತ್ತಿಗೇರಿತು. ಬಂದೂಕು ತೆಗೆದುಕೊಂಡು ಅಡಿಯ ಮರ ಕಳಚಿ ಸಾಹೇಬರ ಮುಂದಿಟ್ಟೆ.

"ತುಕ್ಕಿಗೆ ಹಾಕಿದ್ದಾಗ ಯಾರೋ ಖಾರ ತಿಂದ ಕೈಲೆ ಹಿಡದಾರ್ರಿ. ಎಣ್ಣಿ ತಾಗಿದಲ್ಲಿ ಬಣ್ಣ ಹತ್ತಿಲ್ಲ. ಈ ಕೈ ಯಾರದು, ನೀವ ನೋಡ್ರಿ."

ಸಾಹೇಬರು ಗುರುತು ನೋಡಿದರು, ಆಮೇಲೆ ಕೋಣೆಯಲ್ಲಿದ್ದವರ ಕೈಗಳನ್ನೆಲ್ಲ ನೋಡಿದರು. ಅಷ್ಟು ಹೊತ್ತು ನನ್ನತ್ತ ಚಾಚಿದ್ದ ಗೌಡರ ಕೈ ಮೆಲ್ಲಗೆ ಕೋಟಿನ ಕಿಸೆಯೊಳಗೆ ಹೋಯಿತು.

"ಗೌಡರೇ, ಕೈ ತೆಗೆಯಿರಿ."

"ಥಂಡಿ ಹತ್ತೈತ್ರಿ ಸಾಹೇಬ್ರ."

ಹೊರಗೆ ಬಿಸಿಲಿಗೆ ಕಾಗೆ ಬಾಯಿ ತೆರೆದು ಕೂತಿತ್ತು. ಪೊಲೀಸನೇ ಕೈ ಎಳೆದು ನಳಿಗೆಯ ಮೇಲಿಟ್ಟ. ಮೂರು ಬೆರಳು ಮೂರರ ಮೇಲೆ, ಅರ್ಧ ಬೆರಳು ಅರ್ಧದ ಮೇಲೆ ಸರಿಯಾಗಿ ಕೂತವು.

"ಯಾಕೆ ಹಿಡಿದಿರಿ?"

"ಬದ್ಲಿ ಮಾಡ್ಯಾನೇನಂತ ಉಡದಾರಲೆ ಅಳದ ನೋಡಾಕ ಹೋಗಿದ್ದೆರಿ. ಅಪ್ಪನ ಕಾಲಕ್ಕನ ಅಳತಿ ಮಾಡಿ ಗಂಟ ಹಾಕಿಟ್ಟೇನ್ರಿ."

"ಅಳತೆ ಕೂಡಿತೋ, ಇಲ್ಲವೋ?"

ಗೌಡರು ಬಂದೂಕು ನೋಡಿದರು, ನನ್ನನ್ನು ನೋಡಿದರು. ಇಲ್ಲವೆಂದರೆ ಬಂದೂಕು ಜಮಾ. ಹೌದೆಂದರೆ ನನ್ನ ಮೇಲೆ ಹೊರಿಸಿದ್ದು ಸುಳ್ಳು. ಕೊನೆಗೆ ಬಂದೂಕನ್ನೇ ತಮ್ಮ ಕಡೆ ಎಳೆದುಕೊಂಡರು. "ಕೂಡೇತ್ರಿ. ಇದು ನಮ್ಮಪ್ಪಂದ."

ಸಾಹೇಬರು ನಗು ತಡೆದುಕೊಂಡು ಲೈಸನ್ಸಿನಲ್ಲಿ ತಗ್ಗು ಹೊಡೆದುಹಾಕಿ ಹೊಸ ಗುರುತು ಬರೆದರು: ನಳಿಗೆಯ ಅಡಿಯಲ್ಲಿ ಮಾಲೀಕನ ಮೂರೂವರೆ ಬೆರಳು. ಪ್ರತಿ ವರ್ಷ ಬಂದು ಕೈ ಇಟ್ಟು ತೋರಿಸಬೇಕೆಂದೂ ಹುಕುಂ ಆಯಿತು.

ನಾನು ಉಳಿದೆ. ಹೊರಗೆ ಬೇವಿನ ಗಿಡದ ಕೆಳಗೆ ಗೌಡರು ಬಂದೂಕು ತಬ್ಬಿಕೊಂಡು ಕೂತರು. ಕ್ಷಮೆ ಕೇಳಲು ಸಂಕೋಚಪಡುತ್ತಿದ್ದಾರೆ ಅಂದುಕೊಂಡೆ. ನನಗೂ ಪಾಪ ಅನಿಸಿತು. ಅವರು ಅತ್ತ ಇತ್ತ ನೋಡಿ ನನ್ನನ್ನು ಹತ್ತಿರ ಕರೆದರು.

"ಮಿಸ್ತ್ರಿ, ಖರೇ ಹೇಳು. ಆ ಖಾರದಂಗಡ್ಯಾಂವ ನಿನ್ನ ಕಡೀಯಾಂವ ಹೌದಲ್ಲೊ? ಅವತ್ತ ತ್ವಾಟಕ್ಕ ಹೋಗೂ ಮೊದ್ಲ ಕೇಳದ ಒಂದ ಮುಷ್ಟಿ ಖಾರ ಜಾಸ್ತಿ ಹಾಕಿದಾಗನ ನನಗ ಸಂಶೇ ಬಂದಿತ್ತು."